ಬಾಣ ಮೀಮಾಂಸೆ ಅಥವಾ ಮೈಲ್ಡ್ ಹೈಬ್ರಿಡ್ ಕಾರಿನ ಡಿಸ್‌ಪ್ಲೇ ಪ್ರಮಾಣ ವಿಚಾರ

ಅಥಾತೋ ಬಾಣ ಜಿಜ್ಞಾಸಾ. ಸ್ಟೇರಿಂಗ್ ಹಿಂದಿನ ಪುಟ್ಟ ಪರದೆಯಲ್ಲಿ ಎಂಜಿನ್, ಬ್ಯಾಟರಿ, ಚಕ್ರ ಎಂಬ ಮೂರು ಚಿತ್ರಗಳಿವೆ. ಅವುಗಳ ನಡುವೆ ಬಾಣಗಳು ಓಡಾಡುತ್ತವೆ. ಈ ಬಾಣಗಳ ಅರ್ಥದ ಬಗ್ಗೆ ಕಾರು ಮಾಲೀಕರಲ್ಲಿ ಮೂರು ಮತಗಳು. ಪೆಟ್ರೋಲ್, ವಿದ್ಯುತ್ ಎರಡೂ ಸತ್ಯ, ಒಂದಕ್ಕೊಂದು ಬೇರೆಯೇ ಎನ್ನುವವರು ದ್ವೈತಿಗಳು. ಪೆಟ್ರೋಲೊಂದೇ ಸತ್ಯ, ಬ್ಯಾಟರಿ ಮಿಥ್ಯೆ ಎನ್ನುವವರು ಅದ್ವೈತಿಗಳು. ಬ್ಯಾಟರಿ ಸತ್ಯವೇ, ಆದರೆ ಪೆಟ್ರೋಲಿಗೆ ಅಧೀನ ಎನ್ನುವವರು ವಿಶಿಷ್ಟಾದ್ವೈತಿಗಳು. ವಸ್ತುಸ್ಥಿತಿ ಕೊನೆಯವರ ಪರವಾಗಿದೆ: ಈ ಕಾರಿಗೆ ಚಾರ್ಜರ್ ಚುಚ್ಚುವ ತೂತೇ ಇಲ್ಲ, ಬ್ಯಾಟರಿಯೊಳಗಿನ ಅಷ್ಟೂ ವಿದ್ಯುತ್ತು ಒಂದು ಕಾಲಕ್ಕೆ ಬಂಕಿನ ಪೆಟ್ರೋಲೇ ಆಗಿತ್ತು. ಆದರೆ ಪ್ರಸ್ತುತ ಲೇಖಕನ ಸಿದ್ಧಾಂತ ಮೂರಕ್ಕೂ ಹೊರಗಿನದು. ಪರದೆ ತೋರಿಸುವುದು ಕಾರಿನ ಸ್ಥಿತಿಯನ್ನಲ್ಲ, ಚಾಲಕನ ಬಲಗಾಲಿನ ಸ್ಥಿತಿಯನ್ನು.

ಮೊದಲು ಪ್ರಮಾಣದ ವಿಚಾರ. ಬ್ಯಾಟರಿಯ ಗೆರೆಗಳನ್ನು ಪ್ರತ್ಯಕ್ಷವೆಂದು ನಂಬುವವರಿದ್ದಾರೆ. ಅವು ಶುದ್ಧ ಅನುಮಾನ. ಬ್ಯಾಟರಿಯೊಳಗೆ ಇಣುಕಿ ನೋಡುವ ಅಳತೆಗೋಲು ಇಲ್ಲ. ಒಳಹೋದ ಕರೆಂಟೆಷ್ಟು, ಹೊರಬಂದದ್ದೆಷ್ಟು, ವೋಲ್ಟೇಜೆಷ್ಟು, ಕಾವೆಷ್ಟು ಎಂದು ಲೆಕ್ಕ ಹಾಕಿ ಕಂಪ್ಯೂಟರು ಗೆರೆ ಎಳೆಯುತ್ತದೆ. ಗೆರೆ ತುಂಬಲಿಲ್ಲವೆಂದು ಸರ್ವಿಸ್ ಸೆಂಟರಿಗೆ ಓಡುವ ಭಕ್ತರು ಒಂದು ಸೂಕ್ಷ್ಮ ಗಮನಿಸಬೇಕು. ಬ್ಯಾಟರಿ ಪೂರ್ತಿ ತುಂಬಿದರೆ ಬ್ರೇಕಿನಿಂದ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಪೂರ್ತಿ ಬರಿದಾದರೆ ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಎಬ್ಬಿಸಲು ಬಲವಿರುವುದಿಲ್ಲ. ಹಾಗಾಗಿ ನಡುಮಟ್ಟವೇ ಅದರ ಆರೋಗ್ಯ. ಇನ್ನು ಆ ಸಂಪತ್ತಿನ ಪ್ರಮಾಣ: 12 ವೋಲ್ಟ್, 6 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು 72 ವ್ಯಾಟ್-ಅವರ್. ಪೆಟ್ರೋಲಿನ ಶಾಖದಲ್ಲಿ ಅಳೆದರೆ ಸುಮಾರು 8 ಮಿಲಿಲೀಟರ್. ಆ ಶಾಖದಲ್ಲಿ ಮೂರನೇ ಒಂದು ಪಾಲಷ್ಟೇ ಎಂಜಿನ್ನಿನಲ್ಲಿ ಚಲನೆಯಾಗುತ್ತದೆಂದು ಲೆಕ್ಕ ತಿದ್ದಿದರೂ, ಕಾಫಿ ಲೋಟದ ತಳ ಮುಚ್ಚುವಷ್ಟು.

ಈಗ ಬಾಣ ಎಲ್ಲಿ ಇಲ್ಲವೆಂದು ನೋಡಬೇಕು. ಶಾಸ್ತ್ರದ ಸಾರ ಅಲ್ಲಿದೆ. 1,200 ಕೆ.ಜಿ. ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 46 ವ್ಯಾಟ್-ಅವರ್. ಚಾಲಕ ಬ್ರೇಕ್ ಒತ್ತಿ ಆರು ಸೆಕೆಂಡಿನಲ್ಲಿ ನಿಲ್ಲಿಸಿದನೆನ್ನಿ. ಆ ಚಲನೆಯಿಂದ ವಿದ್ಯುತ್ ತೆಗೆಯುವ ಮೋಟಾರು ಅಷ್ಟೂ ಹೊತ್ತು 3 ಕಿಲೋವ್ಯಾಟ್‌ನಂತೆ ಹಿಡಿದುಕೊಂಡರೂ ಸಿಗುವುದು 5 ವ್ಯಾಟ್-ಅವರ್; ಉಳಿದದ್ದರಲ್ಲಿ ಹೆಚ್ಚಿನದು ಬ್ರೇಕ್ ಪ್ಯಾಡಿನಲ್ಲಿ ಕಾವಾಗಿ ಗಾಳಿಗೆ. ಐದಕ್ಕೆ ಹಸಿರು ಬಾಣವಿದೆ, ಗಾಳಿಗೆ ಹೋದದ್ದಕ್ಕೆ ಯಾವ ಬಣ್ಣದ ಬಾಣವೂ ಇಲ್ಲ. ಅತ್ತ, ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರಿ ಪೆಟ್ರೋಲ್ ನಿಜವಾಗಿ ಉಳಿಯುವ ಹೊತ್ತಿನಲ್ಲೂ ಚಕ್ರದ ಕಡೆ ಬಾಣ ಹಾರುವುದಿಲ್ಲ. ದೊಡ್ಡ ನಷ್ಟಕ್ಕೂ ದೊಡ್ಡ ಲಾಭಕ್ಕೂ ಮೌನ ವಹಿಸಿ ಚಿಲ್ಲರೆ ವ್ಯವಹಾರಕ್ಕೆ ಡಂಗುರ ಸಾರುವ ಲೆಕ್ಕಪುಸ್ತಕವನ್ನು ಯಾವ ಆಡಿಟರೂ ಒಪ್ಪಲಾರ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಕೇಂದ್ರ ಸರ್ಕಾರವೇ ಈ ತಂತ್ರಜ್ಞಾನವನ್ನು ಮನ್ನಿಸಿ ಸಬ್ಸಿಡಿ ಕೊಡಲಿಲ್ಲವೇ? ಕೊಟ್ಟಿತು, 2015ರ ಫೇಮ್ ಯೋಜನೆಯಲ್ಲಿ. 2017ರ ಏಪ್ರಿಲ್‌ನಿಂದ ಮೈಲ್ಡ್ ಹೈಬ್ರಿಡ್‌ಗಳನ್ನು ಕೈಬಿಟ್ಟಿತು. ಎರಡೇ ವರ್ಷಕ್ಕೆ ಮಗುಚಿದ ಆಪ್ತವಾಕ್ಯವನ್ನು ಪ್ರಮಾಣವೆಂದು ಹಿಡಿಯುವಂತಿಲ್ಲ. ಹಾಗಿದ್ದರೆ ಪರದೆ ಬರೀ ಬೊಂಬೆಯಾಟವೇ ಎಂಬ ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಅಲ್ಲ, ಬೊಂಬೆಯಾಟವಲ್ಲ. ಅದೇ ಕಾರನ್ನು, ಸಿಗ್ನಲ್ ದೂರದಲ್ಲಿ ಕಂಡೊಡನೆ ಆಕ್ಸಿಲರೇಟರಿಂದ ಕಾಲು ತೆಗೆದು, ಇಪ್ಪತ್ತು ಸೆಕೆಂಡು ಉರುಳಿಸಿ ನಿಲ್ಲಿಸಿದರೆ, ಅದೇ ಮೋಟಾರಿನ ಪಾಲು ಹೆಚ್ಚೆಂದರೆ 16 ವ್ಯಾಟ್-ಅವರ್ ದಾಟಬಹುದು, ಬ್ರೇಕ್ ಪ್ಯಾಡಿಗೂ ವಿರಾಮ. ಬಾಣ ಎಷ್ಟು ದಪ್ಪ ಎಂಬುದಲ್ಲ, ಎಷ್ಟು ಹೊತ್ತು ನಿಂತಿತು ಎಂಬುದನ್ನು ಓದಬೇಕು. ಅದು ಪಾದಕ್ಕೆ ಹಾಕಿದ ಮಾರ್ಕು. ಪಕ್ಕದಲ್ಲೇ ಟಾರ್ಕ್, ಪವರ್ ಮುಳ್ಳುಗಳನ್ನು ಕೊಟ್ಟಿರುವುದೂ ಇದೇ ಪರೀಕ್ಷೆಯ ಎರಡನೆಯ ಪತ್ರಿಕೆ, ಅದನ್ನು ಹೆಚ್ಚಿನವರು ಅಂಕಪಟ್ಟಿಯೆಂದು ತಪ್ಪು ತಿಳಿದು ಮುಳ್ಳು ಏರಿದಷ್ಟೂ ಹಿಗ್ಗುತ್ತಾರೆ.

ಉಳಿದದ್ದು ಬೆಂಗಳೂರಿನ ಆಕ್ಷೇಪ. ಇಪ್ಪತ್ತು ಸೆಕೆಂಡು ಮೊದಲೇ ಕಾಲು ತೆಗೆದರೆ ಮುಂದೆ ತೆರವಾದ ಜಾಗಕ್ಕೆ ಒಂದು ಆಟೋ, ಅದರ ಪಕ್ಕಕ್ಕೆ ಎರಡು ಸ್ಕೂಟರ್ ಬಂದು ಸೇರುತ್ತವೆ, ಬ್ರೇಕ್ ತುಳಿಯದೆ ಗತ್ಯಂತರವಿಲ್ಲ. ಆಕ್ಷೇಪ ಸರಿಯಾಗಿದೆ. ಪರದೆಯಲ್ಲಿ ಆಟೋದ ಚಿತ್ರವಿಲ್ಲ. ಅದನ್ನು ಸೇರಿಸಿ ನಾಲ್ಕನೆಯ ಬಾಣ ಎಳೆಯುವವರೆಗೆ ಈ ಭಾಗಕ್ಕೆ ಭಾಷ್ಯ ಬರೆಯಲಾಗದು.