ಯಾರೋ ಪುಣ್ಯಾತ್ಮ

ಅವತ್ತು ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ಗಾದೆಯ ಅರ್ಥದಲ್ಲಿ ಈ ಮನೆಯೊಳಗೆ ನನ್ನ ಬೇಳೆ ಬೇಯದೆ ಮೂವತ್ತು ವರ್ಷವಾಯಿತು, ಅದರ ಮಾತು ಬೇಡ. ಇದು ನಿಜವಾದ ತೊಗರಿಬೇಳೆ. ಕುಕ್ಕರು ಎಂಟು ಸಲ ಕೂಗಿ ಸುಸ್ತಾದರೂ ಒಳಗೆ ಬೇಳೆ ಒಂದೊಂದನ್ನೂ ಎಣಿಸಬಹುದಾದ ಹಾಗೆ ಕೂತಿತ್ತು. ನನ್ನ ಹೆಂಡತಿ ಸೌಟಿನಿಂದ ಒತ್ತಿ ನೋಡಿ, "ಯಾರೋ ಪುಣ್ಯಾತ್ಮ ಬೆಳೆದಿದ್ದಾನೆ ನೋಡ್ರೀ, ಒರಳಿಗೆ ಹಾಕಿದರೆ ಒರಳೇ ಒಡೆಯುತ್ತೆ" ಅಂದಳು.

'ಪುಣ್ಯಾತ್ಮ' ಅನ್ನುವುದು ಹರಕೆಯೋ ಬೈಗುಳವೋ ಎಂಬುದು ಹೇಳುವವರ ಹುಬ್ಬಿನ ಮೇಲೆ ಹೋಗುತ್ತದೆ. ಅವತ್ತು ಹುಬ್ಬು ಮೇಲೇರಿತ್ತು. ನನಗೆ ಮಾತ್ರ ಬೇರೆಯೇ ಯೋಚನೆ ಹತ್ತಿತು. ಹೌದಲ್ಲ, ಯಾರು ಆ ಪುಣ್ಯಾತ್ಮ? ಊಟ ಮುಗಿಸಿ ಕೈ ತೊಳೆಯುವ ಮುಂಚೆ 'ಅನ್ನದಾತಾ ಸುಖೀಭವ' ಅನ್ನುವುದು ನಮ್ಮಪ್ಪನಿಂದ ಬಂದ ಅಭ್ಯಾಸ. ನಮ್ಮಪ್ಪ ಹಳ್ಳಿಯಲ್ಲಿದ್ದವರು; ಅವರ ಹರಕೆಗೆ ವಿಳಾಸವಿತ್ತು. ಅಕ್ಕಿ ಕೊಟ್ಟವನ ಮನೆ ಎರಡನೇ ಕೇರಿ, ಎಣ್ಣೆ ಕೊಟ್ಟ ಗಾಣಿಗರದು ಮಾರಿಗುಡಿ ಪಕ್ಕ. ನಾನು ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತು ದಿನಕ್ಕೆರಡು ಸಲ ವಿಳಾಸ ಬರೆಯದ ಕಾಗದವನ್ನು ಡಬ್ಬಿಗೆ ಹಾಕುತ್ತಿದ್ದೇನೆ! ಇನ್ಶೂರೆನ್ಸ್ ಕಚೇರಿಯೊಂದರಲ್ಲಿ 32 ವರ್ಷ, ಪಿನ್‌ಕೋಡ್ ಇಲ್ಲದ ಒಂದೇ ಒಂದು ಲಕೋಟೆಯನ್ನೂ ಹೊರಗೆ ಬಿಡದೆ ನಿವೃತ್ತನಾದ ಮನುಷ್ಯನಿಗೆ ಇದು ಸಣ್ಣ ಅವಮಾನವಲ್ಲ.

ಇಡೀ ಸಂಸಾರದ ಸಾಮಾನು ಬೇಡ, ಒಂದು ತಿಳಿಸಾರು ಸಾಕು, ಅದರ ಹಿಂದಿರುವ ಎಲ್ಲರನ್ನೂ ತಿಂಗಳೊಳಗೆ ಮುಖತಃ ಪರಿಚಯ ಮಾಡಿಕೊಂಡುಬಿಡುತ್ತೇನೆ ಎಂದು ಕ್ಯಾಲೆಂಡರಿನ ಹಿಂದುಗಡೆ ಪಟ್ಟಿ ಬರೆದೆ. ಹೆಂಡತಿ ಓದಿ, "ಸಾರು ಮಾಡಿದವಳ ಪರಿಚಯ ಆಗಿದೆಯಾ?" ಅಂತ ಕೇಳಿ ಒಳಗೆ ಹೋದಳು.

ಮೊದಲು ಬೇಳೆ. ಅಂಗಡಿ ಶೆಟ್ಟರು ಎದೆ ತಟ್ಟಿಕೊಂಡು "ಕಲಬುರ್ಗಿ ಮಾಲು ಸಾರ್" ಅಂದರು. ಕಲಬುರ್ಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಗೌರವವೂ ಸಿಕ್ಕಿದೆ ಎಂದು ನಾನೇ ಅವರಿಗೆ ಹೇಳಿದೆ. ಯಾವ ತಾಲ್ಲೂಕು, ಯಾರ ಹೊಲ ಎಂದು ಮುಂದುವರಿದಾಗ ಶೆಟ್ಟರ ಎದೆ ಸ್ವಲ್ಪ ಇಳಿಯಿತು. ಮಿಲ್ಲಿನಿಂದ ಬರುತ್ತೆ, ಮಿಲ್ಲಿಗೆ ಎಲ್ಲೆಲ್ಲಿಂದಲೋ ಬರುತ್ತೆ, ಮಳೆ ಕೈಕೊಟ್ಟ ವರ್ಷ ಹಡಗಿನಲ್ಲೂ ಬರುತ್ತೆ ಅಂದರು. ಹಡಗಿನದು ಸುಳ್ಳಲ್ಲ. ಬರ್ಮಾದಿಂದ, ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾ, ಮಲಾವಿಗಳಿಂದ ತೊಗರಿ ನಮ್ಮ ದೇಶಕ್ಕೆ ಬರುತ್ತದೆ; ಮೊಜಾಂಬಿಕ್ ಜೊತೆಗಂತೂ 2016ರಲ್ಲಿ ಸರ್ಕಾರವೇ ಒಪ್ಪಂದ ಮಾಡಿಕೊಂಡಿದೆ. ಹಾಗಾದರೆ ನನ್ನ ಹೆಂಡತಿ ಹುಬ್ಬೇರಿಸಿದ್ದು ಸೇಡಂನ ರೈತನ ಮೇಲೋ, ಹಿಂದೂ ಮಹಾಸಾಗರದ ಆಚೆ ದಡದವನ ಮೇಲೋ? ಆ ಎಂಟು ಕೂಗು ಅಲ್ಲಿಯವರೆಗೆ ಕೇಳಿಸಿರಲಾರದು.

ಇಂಗಿನ ವಿಷಯಕ್ಕೆ ಬಂದಾಗ ನಾನು ಅಕ್ಷರಶಃ ಇಂಗು ತಿಂದ ಮಂಗನಾದೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತೆ ಎನ್ನುವ ನಾಡು ನಮ್ಮದು. ತೆಂಗೇನೋ ತಿಪಟೂರಿನದು. ಆದರೆ ತಲೆತಲಾಂತರದಿಂದ ಒಗ್ಗರಣೆಗೆ ಬೀಳುತ್ತಿರುವ ಆ ಇಂಗು ಆಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದ ಬೆಟ್ಟಗಳಲ್ಲಿ ಗಿಡದ ಬೇರನ್ನು ಕೊಯ್ದು, ಒಸರಿದ ಹಾಲನ್ನು ಕೆರೆದು ತಂದದ್ದು. ನಮ್ಮವರು ಅದನ್ನು ಬೆಳೆಯಲು ಹೊರಟು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿ ನೆಟ್ಟದ್ದೇ 2020ರ ಅಕ್ಟೋಬರಿನಲ್ಲಿ. ಸಾಲದ್ದಕ್ಕೆ, ಭೂತಗನ್ನಡಿ ಹಿಡಿದು ಡಬ್ಬಿಯ ಬೆನ್ನು ಓದಿದರೆ ಅದರಲ್ಲಿ ಇಂಗಿಗಿಂತ ಮೈದಾ ಮತ್ತು ಗೋಂದೇ ಜಾಸ್ತಿ. ಆ ಗೋಂದು ಹೆಚ್ಚಾಗಿ ಸುಡಾನಿನ ಕಡೆಯ ಜಾಲಿ ಜಾತಿಯ ಮರದ್ದು. ಚಿಟಿಕೆ ಇಂಗಿಗೆ ಮೂರು ದೇಶದ ವೀಸಾ ಬೇಕಾಯಿತು. ಪಟ್ಟಿಯಲ್ಲಿ ಇಂಗಿನ ಎದುರು 'ಪತ್ರ ಮುಖೇನ' ಎಂದು ಬರೆದು ಮುಂದೆ ಹೋದೆ. ಉಪ್ಪಿನ ಎದುರೂ ಅದೇ. ಪೊಟ್ಟಣದ ಉಪ್ಪು ಗುಜರಾತಿನದು. ನಮ್ಮ ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಬೆಳೆದ ಉಪ್ಪನ್ನೇ ತರಿಸೋಣ ಎಂದರೆ ಹೆಂಡತಿ, "ಇನ್ನು ಉಪ್ಪಿಗೂ ಪ್ರವಾಸ ಬೇಡ" ಎಂದು ತಡೆದಳು.

ತುಪ್ಪದ ಮೂಲ ಹುಡುಕಿ ಮದ್ದೂರಿನ ಕಡೆಯ ಸ್ನೇಹಿತನ ಹಳ್ಳಿಗೆ ಹೋದದ್ದು ನಿಜ. ಸಂಜೆ ಡೇರಿ ಮುಂದೆ ಹಾಲು ಹಾಕುವವರ ಸಾಲು. ಅಳತೆ, ಫ್ಯಾಟು, ಡಿಗ್ರಿ, ಚೀಟಿ. ಒಬ್ಬೊಬ್ಬರ ಹಾಲೂ ಕಣ್ಣೆದುರೇ ಒಂದರೊಳಗೊಂದು ಬಿದ್ದು ಗುರುತಿಲ್ಲದಂತಾಯಿತು. ಆಮೇಲೆ ಟ್ಯಾಂಕರು, ಆಮೇಲೆ ನೂರಾರು ಊರಿನ ಹಾಲು. ನನ್ನ ಒಂದು ಚಮಚ ತುಪ್ಪದಲ್ಲಿ ಎಷ್ಟು ಕೊಟ್ಟಿಗೆಗಳಿವೆಯೋ! ಆದರೂ ಬಿಡದೆ ಚಿಕ್ಕ ಕ್ಯಾನು ಹಿಡಿದಿದ್ದ ಹೆಂಗಸೊಬ್ಬಳನ್ನು, "ನಿಮ್ಮ ಹಸು ಹೇಗಿದೆಯಮ್ಮ?" ಎಂದು ಕೇಳಿದೆ. ಅವಳು ನನ್ನ ಇಸ್ತ್ರಿ ಮಾಡಿದ ಅಂಗಿ, ಕೈಲಿದ್ದ ಪಟ್ಟಿ ನೋಡಿ, "ಬ್ಯಾಂಕಿನೋರಾ ಸಾ? ಕಂತು ಕಟ್ಟಿವ್ನಲ್ಲಾ" ಅಂದಳು. ಸಾಲಿನಲ್ಲಿದ್ದ ಇನ್ನಿಬ್ಬರು ಮೆಲ್ಲಗೆ ಹಿಂದೆ ಸರಿದರು. ಊರಲ್ಲಿ ಹೆಸರು, ವಿಳಾಸ ಕೇಳಿಕೊಂಡು ಬರುವವನು ಸಾಲ ವಸೂಲಿಯವನೇ.

ಇಷ್ಟು ಅಲೆದು ಬಂದ ಮೇಲೆ ಪಕ್ಕದ ಮನೆಯವರು ಹಾದಿಯಲ್ಲಿ ನಿಂತು, "ಆ ವಾರ ಕಾವೇರಿ ಬರಲಿಲ್ಲವಲ್ಲ ಸಾರ್, ಬೋರ್‌ವೆಲ್ ನೀರಲ್ಲಿ ಬೇಳೆ ಎಲ್ಲಿ ಬೇಯುತ್ತೆ?" ಅಂದುಬಿಟ್ಟರು. ಗಡಸು ನೀರು! ಬೆಳೆದವನು ನಿರಪರಾಧಿ, ಕಲಬುರ್ಗಿಗೂ ಮೊಜಾಂಬಿಕ್‌ಗೂ ಒಟ್ಟಿಗೆ ಕ್ಷಮೆ ಕೇಳಬೇಕಾಯಿತು. ಹಾಗಾದರೆ ನಿಜವಾದ ಪುಣ್ಯಾತ್ಮ ನಮ್ಮ ಬೀದಿಯಲ್ಲೇ ಇದ್ದ: ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು, ಸ್ಕೂಟರಿನಲ್ಲಿ ಬಂದು ವಾಲ್ವ್ ತಿರುಗಿಸಿ ಹೋಗುವ ನೀರು ಬಿಡುವವನು.

ಅವನನ್ನು ಮನೆಗೆ ಕರೆದು ಕಾಫಿ ಕೊಟ್ಟೆ. ಪರಿಚಯವಾಯಿತು. ನೀರು ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಾಗಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿ ಬರುತ್ತದೆ ಎಂದು ಅವನು ವಿವರಿಸಿದಾಗ ನನಗೆ ಬಿಂದಿಗೆ ಮುಟ್ಟಲೂ ಸಂಕೋಚವಾಯಿತು. ಮಗಳ ಪಿಯುಸಿ, ಅತ್ತೆಯ ಸಕ್ಕರೆ ಕಾಯಿಲೆ, ರಾತ್ರಿ ಎರಡು ಗಂಟೆಗೆ ಎದ್ದು ವಾಲ್ವ್ ತಿರುಗಿಸುವ ಕಷ್ಟ, ಎಲ್ಲ ತಿಳಿಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮುಂಚೆ ನೀರು ಬಾರದಿದ್ದರೆ ಗೇಟಿನ ಹತ್ತಿರ ನಿಂತು ಹಾಯಾಗಿ ಕೂಗಾಡುತ್ತಿದ್ದೆ. ಈಗ ಅತ್ತೆಯ ಸಕ್ಕರೆ ನೆನಪಾಗಿ ಗಂಟಲು ಕಟ್ಟುತ್ತದೆ. ಬೀದಿಯವರೆಲ್ಲ "ನಿಮ್ಮ ಹುಡುಗನಿಗೆ ಸ್ವಲ್ಪ ಹೇಳಿ ಸಾರ್" ಎಂದು ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಗುರುತಿಲ್ಲದವರನ್ನು ಬೈಯುವುದರಲ್ಲಿ ಎಂಥ ನೆಮ್ಮದಿಯಿತ್ತು! ಮುಖ ಗೊತ್ತಾದರೆ ಆ ಸೌಲಭ್ಯ ಹೋಗುತ್ತದೆ.

ಪಟ್ಟಿಯ ಕೊನೆಯಲ್ಲಿ ಉಳಿದದ್ದು ಕರಿಬೇವು. ಅದು ಬರುವುದು ಸೊಪ್ಪಿನಮ್ಮನ ಬುಟ್ಟಿಯಿಂದ, ಕೊಸರಾಗಿ. ಹೊಸಕೋಟೆಯ ಕಡೆಯಿಂದ ಮೊದಲ ಬಸ್ಸಿಗೆ ಬಂದು ಎಂಟರ ಹೊತ್ತಿಗೆ ನಮ್ಮ ಗೇಟಿನ ಮುಂದೆ ಬುಟ್ಟಿ ಇಳಿಸುತ್ತಾಳೆ. ಪರಿಚಯವಾದ ದಿನದಿಂದ ಚೌಕಾಸಿ ನಿಂತಿದೆ, ದಂಟಿನ ಸೊಪ್ಪು ನಿಂತಿಲ್ಲ. "ಉಳಿದುಬಿಟ್ರೆ ಬಾಡೋಗ್ತದೆ ಸ್ವಾಮಿ" ಅಂದರೆ ತೆಗೆದುಕೊಳ್ಳದಿರುವುದು ಹೇಗೆ? ವಾರದಲ್ಲಿ ನಾಲ್ಕು ದಿನ ನಮ್ಮ ಮನೆಯಲ್ಲಿ ದಂಟು.

ಮೊನ್ನೆ ಬುಟ್ಟಿ ಇಳಿಸಿದವಳೇ ಕೇಳಿದಳು. "ನಂದೆಲ್ಲ ಕೇಳ್ಕೊಂಡ್ರಿ. ತಾವು ಏನ್ ಕೆಲ್ಸದಲ್ಲಿದ್ರಿ ಸ್ವಾಮಿ?"

ಇಷ್ಟು ದಿನದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಸಂತೋಷದಿಂದ, "ಇನ್ಶೂರೆನ್ಸ್ ಆಫೀಸಮ್ಮ. ಹಣ ಮಂಜೂರು ಮಾಡೋ ಕಡತ ನೋಡ್ತಿದ್ದೆ" ಅಂದೆ.

ಅವಳು ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತ ಅಂದಳು. "ನಮ್ ಯಜಮಾನ್ರು ಹೋದಾಗ ಒಂದಿತ್ತು ಸ್ವಾಮಿ ಆ ಥರದ್ದು. ಹೆಸರಲ್ಲಿ ಒಂದಕ್ಷರ ತಪ್ಪದೆ ಅಂತ ಯಾರೋ ಪುಣ್ಯಾತ್ಮ ಎಂಟು ತಿಂಗಳು ಓಡಾಡಿಸ್ಬಿಟ್ಟ."

ಹುಬ್ಬು ನೋಡಿದೆ. ಮೇಲಿತ್ತು.

ಯಾವ ಆಫೀಸು, ಯಾವ ವರ್ಷ ಎಂದು ಕೇಳಬಹುದಿತ್ತು. "ಇವತ್ತು ಎರಡು ಕಟ್ಟು ಕೊಡಮ್ಮ" ಅಂದೆ. ಚಿಲ್ಲರೆ ಎಣಿಸುತ್ತಿದ್ದವಳಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಮೇಲೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಮತ್ತೆ ದಂಟಾ? ಎರಡು ಕಟ್ಟಾ? ಕರಿಬೇವೆಲ್ಲಿ?"