ಪಾಳು ಗಣಿಗೆ ಹಸಿರು ಹಚ್ಚುವ ವಿಧಾನ

ಬೇಕಾಗುವ ಸಾಮಗ್ರಿ: ಅಗೆದು ಬಿಟ್ಟ ಗುಡ್ಡ ಒಂದು, ಅಕೇಶಿಯಾ ಸಸಿ ಲಾರಿಗಟ್ಟಲೆ, ಹೆಸರು ಬರೆಸಿದ ಫಲಕ, ಫೋಟೋ ತೆಗೆಯುವವರು ಇಬ್ಬರು. ಗುಡ್ಡ ಸಂಡೂರಿನದಾದರೆ ಒಳ್ಳೆಯದು. ಕೆಂಪು ಧೂಳಿನಲ್ಲಿ ಸಸಿ ಎದ್ದು ಕಾಣುತ್ತದೆ.

ಎಚ್ಚರಿಕೆ: ಈ ಕೆಲಸ ತಾನಾಗಿ ಚಾಲೂ ಆಗುವುದಿಲ್ಲ, ಯಾರಾದರೂ ಕೋರ್ಟಿಗೆ ಹೋಗಬೇಕು. 2009ರಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2011ರ ಜುಲೈನಲ್ಲಿ ಕೋರ್ಟಿನ ಆದೇಶದಿಂದ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಮರುತಿಂಗಳು ಚಿತ್ರದುರ್ಗ, ತುಮಕೂರಿನದೂ. 2013ರ ತೀರ್ಪಿನಲ್ಲಿ, ಅಕ್ರಮ ಅತಿಯಾಗಿದ್ದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಅಗೆಯಬೇಕಾದರೆ ಪುನಶ್ಚೇತನ ಯೋಜನೆಗೆ ಒಪ್ಪಬೇಕಾಯಿತು.

ಮೊದಲು ಮೇಲ್ಮಣ್ಣು. ಗಣಿ ತೆರೆಯುವಾಗ ಇದನ್ನು ಜೋಪಾನವಾಗಿ ಬೇರೆ ಕಡೆ ಎತ್ತಿಡಬೇಕೆಂದು ತಜ್ಞರು ಹೇಳುತ್ತಾರೆ. ನೀವು ಡಂಪಿನ, ಅಂದರೆ ಅಗೆದು ಎಸೆದ ಮಣ್ಣು-ಕಲ್ಲಿನ ರಾಶಿಯ, ಅಡಿಯಲ್ಲಿ ಹೂಳಿಬಿಡಿ. ಹುಲ್ಲಿನ ಬೀಜ, ಬೇರಿಗಂಟಿ ಬದುಕುವ ಶಿಲೀಂಧ್ರ ಎಲ್ಲವೂ ಅದರೊಟ್ಟಿಗೇ ಹೋಗುತ್ತವೆ. ಆಮೇಲೆ ಅದೇ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಸಸಿಯ ಬೇರಿಗೆ ಹಚ್ಚುವ ಸಂಶೋಧನೆಗೆ ರೊಕ್ಕ ಕೊಡಿ.

ಡಂಪಿನ ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ಮೈಗೆ ತೆಂಗಿನ ನಾರಿನ ಚಾಪೆ ಹಾಸಬೇಕು. ಬೇಸರವಾದರೆ ಬಿಡಿ, ಮೊದಲ ದೊಡ್ಡ ಮಳೆಗೆ ಡಂಪು ತಾನೇ ಕೆಳಗಿಳಿದು ಹಳ್ಳ, ಹೊಲ, ಕೆರೆ ಸೇರುತ್ತದೆ.

ಇನ್ನು ಸಸಿ. ಸಾಲಾಗಿ, ಒಂದೇ ಜಾತಿಯದು. ಈ ವಿಷಯದಲ್ಲಿ ನಮ್ಮ ಕಡೆಯವರ ಮಾತು ಕೇಳಬೇಡಿ. 1987ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ, ಇದೇ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ಜನ ‘ಕಿತ್ತಿಕೋ ಹಚ್ಚಿಕೋ’ ಎಂದು ನೀಲಗಿರಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದ್ದರು. ಇಂದಿನ ಸಂಶೋಧನೆಯೂ ಅದೇ ದಾರಿ ಹಿಡಿದಿದೆ: ಆ ನೆಲದ್ದೇ ಹುಲ್ಲು ಮೊದಲು, ಆಮೇಲೆ ಪೊದೆ, ಕೊನೆಗೆ ಕಮರ, ದಿಂಡುಗದಂಥ ಮರ. ಗಣಿ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹಾಕಿಸಿತು. ಆದರೆ ಹುಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರು ಯಾರು?

ದುಡ್ಡಿನ ಚಿಂತೆ ಬೇಡ. ಇದಕ್ಕೆಂದೇ 2014ರಲ್ಲಿ ನಿಗಮವೊಂದು ಹುಟ್ಟಿದೆ. ಮೊತ್ತ ಸಾವಿರಾರು ಕೋಟಿ. ಮೇಲ್ವಿಚಾರಣೆಗೆ 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಲಾಯಿತು. ನಿಗಮದ ಕೆಲಸಗಳ ಪಟ್ಟಿಯಲ್ಲಿ ರಸ್ತೆ, ಆಸ್ಪತ್ರೆ, ಶಾಲೆಗಳೂ ಇವೆ. ಬೇಕಾದವೇ, ಧೂಳು ಕುಡಿದ ಜನಕ್ಕೆ ಅಷ್ಟೂ ಸಿಗದಿದ್ದರೆ ಹೇಗೆ? ಆದರೆ ರಸ್ತೆಗೆ ಟೆಂಡರ್ ಕರೆದಷ್ಟು ಸಲೀಸಾಗಿ ಗುಡ್ಡಕ್ಕೆ ಕರೆಯಲು ಬರುವುದಿಲ್ಲ.

ಕೊನೆಗೆ ತಪಾಸಣೆ. ಉಪಗ್ರಹ ಚಿತ್ರ ತರಿಸಿ. ಮೇಲಿಂದ ನೋಡಿದರೆ ಬಳ್ಳಾರಿ ಜಾಲಿಯೂ ಹಸಿರೇ, ಕಮರವೂ ಹಸಿರೇ. ಇರುವೆ, ಹಕ್ಕಿ, ಮಣ್ಣಿನ ಇಂಗಾಲ ಎಂದು ಲೆಕ್ಕ ಹಾಕುವ ಹೊಸ ಸಂಶೋಧಕರನ್ನು ಮಾತ್ರ ಡಂಪಿನ ಹತ್ತಿರ ಬಿಡಬೇಡಿ.

ಗ್ಯಾರಂಟಿ: ಮುಂದಿನ ಬೇಸಿಗೆಯವರೆಗೆ. ಜೂನ್ 5ರ ಪರಿಸರ ದಿನಕ್ಕೆ ಸಸಿ ಹಚ್ಚಲು ನಿಮಗೆ ಕರೆ ಬಂದರೆ ಹೋಗಿ. ಹೋದವರು ಕಳೆದ ವರ್ಷ ಹಚ್ಚಿದ್ದನ್ನು ಮೊದಲು ತೋರಿಸಿ ಎಂದು ಕೇಳಿ.