ರಾಮನಗರಕ್ಕೆ ಅಡ್ಡಡ್ಡ ಪ್ರಯಾಣ

ಧರ್ಮರಾಯನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ಧರ್ಮಕ್ಕಾಗಿ ಮಹಾಭಾರತ ಓದುವವರು ಆ ಜಾಗದಲ್ಲಿ ಕೈಮುಗಿಯುತ್ತಾರೆ. ನನಗೆ ಮಾತ್ರ ಅಲ್ಲಿ ಕಾಣುವುದು ಟೈರಿನ ಲೆಕ್ಕ. ನೆಲವನ್ನೇ ಮುಟ್ಟದ ಚಕ್ರಕ್ಕೆ ಸವೆತ ಎಲ್ಲಿಂದ ಬರಬೇಕು? ಅಶ್ವತ್ಥಾಮನ ವಿಷಯದಲ್ಲಿ ಆತ ಒಂದು ಅರ್ಧ ಸುಳ್ಳು ಹೇಳಿದ, ರಥ ದೊಪ್ಪನೆ ಕೆಳಗೆ ಬಂತು. ಅವತ್ತಿನಿಂದ ಚಕ್ರ ಇಟ್ಟುಕೊಂಡವರೆಲ್ಲ ಕೈಯಿಂದ ದುಡ್ಡು ಬಿಚ್ಚುತ್ತಿದ್ದೇವೆ. ಸಾಮಾನ್ಯ ಕಾರಿನವರು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚುತ್ತಾರೆ. ಸ್ಪೋರ್ಟ್ಸ್ ಕಾರಿನವರು, ಯಾವ ಜನ್ಮದಲ್ಲಿ ಪೂರ್ತಿ ಸುಳ್ಳು ಹೇಳಿದ್ದರೋ ಏನೋ, ಟೈರು ಅಂಗಡಿಯ ಬಾಗಿಲಲ್ಲೇ ಇರುತ್ತಾರೆ.

ನಾನು ಈ ಎರಡನೇ ಪಂಗಡಕ್ಕೆ ಸೇರಿದ್ದು ಪೋರ್ಶೆ ಬಾಕ್ಸ್‌ಟರ್ ದೆಸೆಯಿಂದ. ಎರಡೇ ಸೀಟು, ಬಟ್ಟೆಯ ಮಾಡು, ಎಂಜಿನ್ನು ಬೆನ್ನ ಹಿಂದೆ. ಸೆಕೆಂಡ್ ಹ್ಯಾಂಡ್. ಪೋರ್ಶೆ ಎಂದ ಕೂಡಲೇ ನನ್ನ ಆದಾಯ ತೆರಿಗೆಯ ಬಗ್ಗೆ ಯೋಚಿಸತೊಡಗಿದವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಏಳು ಜನ ಕೂರುವ ಹೊಸ ಕಾರಿನ ದುಡ್ಡಿಗೆ ಇಬ್ಬರು ಕೂರುವ ಹಳೆಯ ಕಾರು ತಂದ ಗಂಡಸಿನ ಬಗ್ಗೆ ಮನೆಯಲ್ಲಿ ಯಾವ ಅಭಿಪ್ರಾಯವಿದೆಯೋ ಅದನ್ನು ಸಭ್ಯ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಕಾರು ಬಂದ ದಿನ ಹೆಂಡತಿ ಆರತಿ ಎತ್ತಿದಳು, ಕುಂಕುಮ ಇಟ್ಟಳು, ಹಿಂದಕ್ಕೆ ಹೋಗಿ ನಿಂತು ಒಂದೇ ಪ್ರಶ್ನೆ ಕೇಳಿದಳು.

"ಇದರ ಹಿಂದಿನ ಚಕ್ರ ಯಾಕ್ರೀ ಕಬಡ್ಡಿ ಆಡೋರ ಥರ ಕಾಲು ಅಗಲಿಸಿಕೊಂಡು ನಿಂತಿದೆ?"

ಗ್ಯಾರೇಜಿನ ಹುಡುಗರು ವರ್ಷಗಟ್ಟಲೆ ಕಲಿಯುವುದನ್ನು ಆಕೆ ಆರತಿ ತಟ್ಟೆ ಹಿಡಿದುಕೊಂಡೇ ಕಂಡುಹಿಡಿದಿದ್ದಳು. ಅದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಚಕ್ರದ ತಲೆ ಕಾರಿನ ಕಡೆಗೆ ವಾಲಿರುತ್ತದೆ, ಪಾದ ಹೊರಗಿರುತ್ತದೆ. ನನ್ನ ಕಾರಿನ ಹಿಂಚಕ್ರಗಳಲ್ಲಿ ಈ ವಾಲಿಕೆ ಸುಮಾರು ಒಂದೂವರೆ ಡಿಗ್ರಿ. ಕೆಟ್ಟು ವಾಲಿದ್ದಲ್ಲ, ಬೇಕೆಂದೇ ವಾಲಿಸಿದ್ದು. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಕಾರಿನ ಮೈ ಹೊರಕ್ಕೆ ವಾಲುತ್ತದೆ, ಹೊರಬದಿಯ ಚಕ್ರವನ್ನೂ ಜೊತೆಗೆ ವಾಲಿಸುತ್ತದೆ. ಮೊದಲೇ ಒಳಕ್ಕೆ ಬಾಗಿಸಿಟ್ಟಿದ್ದರೆ ಆ ಗಳಿಗೆಗೆ ಸರಿಯಾಗಿ ಚಕ್ರ ನೆಟ್ಟಗಾಗಿ, ಅಷ್ಟಗಲದ ರಬ್ಬರೂ ರಸ್ತೆಯನ್ನು ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. "ನಮ್ಮ ಬೀದಿಯಲ್ಲಿ ಅಂಥ ತಿರುವು ಎಲ್ಲಿದೆ?" ಎಂದಳು. ಪೋರ್ಶೆಯ ಎಂಜಿನಿಯರುಗಳು ಜರ್ಮನಿಯಲ್ಲಿ ಕೂತು ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಕ್ಕಿಲ್ಲ.

ತಿರುವು ಇಲ್ಲವೇ ಇಲ್ಲ ಎಂದಲ್ಲ. ಭಾನುವಾರ ಬೆಳಗ್ಗೆ ನಂದಿಬೆಟ್ಟ ಹತ್ತುವಾಗ ಒಂದೂವರೆ ಡಿಗ್ರಿಯ ಮಹಿಮೆ ಬೆನ್ನಿಗೆ ತಿಳಿಯುತ್ತದೆ, ಅದೂ ಮುಂದೆ ಟೆಂಪೊ ಟ್ರಾವೆಲರ್ ಇಲ್ಲದಿದ್ದರೆ. ಉಳಿದ ಆರು ದಿನ ಔಟರ್ ರಿಂಗ್ ರೋಡು. ಅಲ್ಲಿ ಇರುವ ತಿರುವೆಂದರೆ ಫ್ಲೈಓವರ್ ಕೆಳಗಿನ ಯೂ ಟರ್ನ್ ಒಂದೇ, ಅದನ್ನೂ ನಡೆಯುವವರ ವೇಗದಲ್ಲಿ ತೆಗೆದುಕೊಳ್ಳಬೇಕು. ಹೀಗೆ ವಾರವೆಲ್ಲ ನನ್ನ ಹಿಂಚಕ್ರಗಳು ಒಳ ಅಂಚಿನ ಮೇಲೆ ಭಾರ ಹೇರಿಕೊಂಡು, ಬಾರದ ತಿರುವಿಗೆ ಸಿದ್ಧವಾಗಿ ನಿಂತಿರುತ್ತವೆ.

ಒಳ ಅಂಚಿನ ಗುಣವೇನೆಂದರೆ ಅದು ಯಾರಿಗೂ ಕಾಣುವುದಿಲ್ಲ. ಹೊರಗಿನಿಂದ ನೋಡಿದವರೆಲ್ಲ ನನ್ನ ಟೈರನ್ನು ಹೊಗಳಿದರು. ಪಕ್ಕದ ಮನೆಯವರಂತೂ ಹೊಸದಾ ಎಂದು ಕೇಳಿದರು. ಕೊನೆಗೆ ಮೊಳೆಯೊಂದು ಚುಚ್ಚಿದ್ದರಿಂದ ನಿಜ ಹೊರಬಿತ್ತು. ಪಂಕ್ಚರ್ ಹಾಕುವ ಹುಡುಗ ಚಕ್ರ ಬಿಚ್ಚಿ, ತಿರುಗಿಸಿ, ಒಳಬದಿಯ ಮೇಲೆ ಬೆರಳಾಡಿಸಿ, ಸಾವಿನ ಮನೆಯ ದನಿಯಲ್ಲಿ ಹೇಳಿದ: "ಒಳಗಡೆ ತಿಂದಾಕಿದೆ ಸಾರ್. ತಂತಿ ಬಂದಿದೆ ನೋಡಿ." ಹೊಸ ಟೈರಿನ ಪಟ್ಟಿಯ ಆಳ ಏಳೆಂಟು ಮಿಲಿಮೀಟರ್, ಕಾನೂನಿನ ಪ್ರಕಾರ 1.6 ಮಿಲಿಮೀಟರಿಗೆ ಇಳಿದರೆ ಅದರ ಆಯುಷ್ಯ ಮುಗಿಯಿತು. ನನ್ನ ಟೈರಿನ ಹೊರಬದಿ ಇನ್ನೂ ಯೌವನದಲ್ಲಿತ್ತು. ಒಳಬದಿಯ ಎರಡು ಬೆರಳಗಲ ಜಾಗದಲ್ಲಿ ರಬ್ಬರೇ ಇರಲಿಲ್ಲ, ಉಕ್ಕಿನ ಎಳೆಗಳು ಬಿಸಿಲು ಕಾಯುತ್ತಿದ್ದವು.

ಟೈರು ಸವೆದ ಸುದ್ದಿಗೆ ಸಲಹೆಗಾರರು ನೆರೆಯುವಷ್ಟು ಬೇಗ ಮದುವೆ ಊಟಕ್ಕೂ ಜನ ನೆರೆಯುವುದಿಲ್ಲ. ಒಬ್ಬರು ಗಾಳಿ ಕಮ್ಮಿ ಎಂದರು. ಗಾಳಿ ಕಮ್ಮಿಯಾದರೆ ಎರಡೂ ಅಂಚು ಸವೆಯಬೇಕು, ಹೆಚ್ಚಾದರೆ ನಡು ಸವೆಯಬೇಕು. ನನ್ನದು ಒಂದೇ ಅಂಚು. ಇನ್ನೊಬ್ಬರು ನೈಟ್ರೋಜನ್ ಹಾಕಿಸಲು ಹೇಳಿದರು. ಪುಕ್ಕಟೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಉಳಿದ 22ಕ್ಕೆ ದುಡ್ಡು ಕೊಡುವಷ್ಟು ನಾನಿನ್ನೂ ಕೆಟ್ಟಿಲ್ಲ. ಮೂರನೆಯವರು, ಮುಂದಿನದನ್ನು ಹಿಂದಕ್ಕೆ ಹಿಂದಿನದನ್ನು ಮುಂದಕ್ಕೆ ಹಾಕಿಬಿಡಿ, ನಾವು ನಮ್ಮ ಆಲ್ಟೊಗೆ ಹಾಗೇ ಮಾಡೋದು ಎಂದರು. ಬಾಕ್ಸ್‌ಟರ್‌ನ ಮುಂದಿನ ಟೈರು 235 ಮಿಲಿಮೀಟರ್ ಅಗಲ, ಹಿಂದಿನದು 265. ಜಾಗ ಬದಲಿಸಿಕೊಳ್ಳುವ ಸೌಭಾಗ್ಯ ಅವಕ್ಕಿಲ್ಲ. ಹಿಂದೆ ಹುಟ್ಟಿದ್ದು ಹಿಂದೆಯೇ ಸಾಯಬೇಕು.

ಕಾರು ಬಲ್ಲ ಮಿತ್ರರೆಲ್ಲ ಒಮ್ಮತದಿಂದ ಬೈದದ್ದು ಕ್ಯಾಂಬರನ್ನು. ಇಲ್ಲಿ ನನ್ನ ತಕರಾರಿದೆ. ಕ್ಯಾಂಬರ್ ಎದ್ದು ಕಾಣುತ್ತದೆ, ಆರತಿ ಎತ್ತುವವರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಬೈಸಿಕೊಳ್ಳುತ್ತದೆ. ನಿಜವಾದ ಕಳ್ಳ ಟೋ. ಮೇಲಿನಿಂದ ನೋಡಿದಾಗ ಚಕ್ರದ ಮೂಗು ನೇರ ಮುಂದಕ್ಕಿದೆಯೋ, ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿದೆಯೋ ಎನ್ನುವುದು ಟೋ. ಹಿಂಚಕ್ರಗಳ ಮೂಗು ಕೂದಲೆಳೆಯಷ್ಟು ಒಳಕ್ಕೆ ಇರಲೇಬೇಕು, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಸೊಂಟ ತಿರುಗಿಸಲು ನೋಡುತ್ತದೆ. ಆದರೆ ಕೂದಲೆಳೆ ಹಗ್ಗವಾದರೆ ಕಷ್ಟ. ಚಕ್ರದ ಮುಖ ಒಂದು ಕಡೆ, ಕಾರು ಹೋಗುವುದು ಇನ್ನೊಂದು ಕಡೆ ಆಗಿ, ಟೈರು ಉರುಳುತ್ತಲೇ ಅಡ್ಡಕ್ಕೂ ಉಜ್ಜಿಕೊಳ್ಳುತ್ತದೆ.

ಎಷ್ಟು ಅಡ್ಡಕ್ಕೆ ಎಂದು ಒಂದು ರಾತ್ರಿ ಲೆಕ್ಕ ಹಾಕಿದೆ. ಚಕ್ರ ಇರಬೇಕಾದ್ದಕ್ಕಿಂತ ಬರೀ 0.3 ಡಿಗ್ರಿ ತಿರುಗಿದ್ದರೆ ಒಂದು ಕಿಲೋಮೀಟರಿಗೆ ಐದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಡ್ಡ ಉಜ್ಜಾಟ. ಹತ್ತು ಸಾವಿರ ಕಿಲೋಮೀಟರಿಗೆ ಸುಮಾರು 52 ಕಿಲೋಮೀಟರ್. ಅಂದರೆ ಟೈರನ್ನು ಉರುಳಲು ಬಿಡದೆ, ಅಡ್ಡಡ್ಡವಾಗಿ ಡಾಂಬರಿನ ಮೇಲೆ ತಿಕ್ಕುತ್ತ ಬೆಂಗಳೂರಿನಿಂದ ರಾಮನಗರದವರೆಗೆ ಎಳೆದುಕೊಂಡು ಹೋದ ಲೆಕ್ಕ. ಇಷ್ಟಾದ ಮೇಲೂ ಹೊರಬದಿಯಲ್ಲಿ ರಬ್ಬರು ಉಳಿದದ್ದು ತಯಾರಿಸಿದವರ ಪುಣ್ಯ. ಕ್ಯಾಂಬರ್ ಮಾಡಿದ ತಪ್ಪು ಇಷ್ಟೇ: ಭಾರವನ್ನೆಲ್ಲ ಒಳ ಅಂಚಿಗೆ ತಂದು ಹಾಕಿ, ಟೋ ಮಹಾಶಯನಿಗೆ ಎಲ್ಲಿ ತಿನ್ನಬೇಕೆಂದು ಎಲೆ ಹಾಕಿ ತೋರಿಸಿಕೊಟ್ಟಿತು.

ಟೋ ಕೆಡುವುದು ಹೇಗೆ ಎಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಒಂದು ಒಳ್ಳೆಯ ಗುಂಡಿ ಸಾಕು. ಹಂಪುಗಳದು ಬೇರೆಯೇ ಕತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹಂಪಿಗೂ ಒಂದು ಅಳತೆ ಬರೆದಿಟ್ಟಿದೆ: 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ, ನಯವಾದ ಕಮಾನು. ಅಂಥ ಹಂಪಿನ ಮೇಲೆ ಕಾರು ಮಲಗಿಕೊಂಡೇ ದಾಟಬಹುದು. ನಮ್ಮ ಬಡಾವಣೆಯ ಹಂಪನ್ನು ಹಾಕಿದವರು ಆ ಪುಸ್ತಕದಿಂದ ಎತ್ತರ ಮಾತ್ರ ಓದಿಕೊಂಡು, ಮೇಲೊಂದಿಷ್ಟು ಭಕ್ತಿಯಿಂದ ಸೇರಿಸಿದ್ದಾರೆ. ಅದರ ಮುಂದೆ ನಾನು ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವಾಗ ಹಿಂದಿನ ಆಟೋದವರು ಹಾರ್ನ್ ಮೂಲಕ ಹೇಳುವ ಮಾತುಗಳನ್ನು ಕೇಳಿಸಿಕೊಂಡರೆ ಯಾವ ಎಂಜಿನಿಯರೂ ಕಾರನ್ನು ಇಷ್ಟು ತಗ್ಗಾಗಿ ಮಾಡಲಾರ.

ಕಳ್ಳ ಯಾರೆಂದು ತಿಳಿದ ಮೇಲೆ ಹಿಡಿಸುವುದು ಸುಲಭ ಎಂದುಕೊಂಡು ಒಂದು ದೊಡ್ಡ ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಎಸಿ ಕೋಣೆ, ಕಾಫಿ ಮೆಷಿನ್ನು, ನಾಲ್ಕು ಚಕ್ರಕ್ಕೂ ಕನ್ನಡಿಯಂಥ ಫಲಕ ಸಿಕ್ಕಿಸಿ ಕ್ಯಾಮೆರಾದಿಂದ ಅಳೆಯುವ ಯಂತ್ರ. ಪರದೆಯ ಮೇಲೆ ಕೆಂಪು, ಹಸಿರು ಅಂಕಿಗಳು. ಹುಡುಗ ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ, ಕಾರಿನ ಕೆಳಗೆ ಹೋದ, ಬಂದ. ಎಲ್ಲ ಹಸಿರು. "ಪರ್ಫೆಕ್ಟ್ ಸಾರ್" ಎಂದು ಪ್ರಿಂಟ್ ಕೊಟ್ಟ. ನಾನು ದುಡ್ಡು ಕೊಟ್ಟು, ಅಕ್ಷರ ಕಂಡಲ್ಲಿ ಓದುವ ಚಟಕ್ಕೆ ಕಾಗದವನ್ನು ಮೇಲಿನಿಂದ ಓದತೊಡಗಿದೆ. ಮೊದಲ ಸಾಲಿನಲ್ಲಿ ವಾಹನದ ಹೆಸರು: ಸ್ವಿಫ್ಟ್ ಡಿಜೈರ್.

"ಇದು ಡಿಜೈರ್ ಅಲ್ಲವಲ್ಲ ಮಾರಾಯ" ಎಂದೆ.

"ಗೊತ್ತು ಸಾರ್. ನಿಮ್ಮ ಗಾಡಿ ಲಿಸ್ಟಲ್ಲಿ ಇರಲಿಲ್ಲ. ಇದೇ ಜಾಸ್ತಿ ಬರೋದು, ಅದಕ್ಕೆ ಇದನ್ನೇ ಹಾಕ್ದೆ."

"ಹಿಂದಿನ ಚಕ್ರ?"

"ಹಿಂದಿನದಕ್ಕೆ ಅಡ್ಜಸ್ಟ್‌ಮೆಂಟ್ ಬರಲ್ಲ ಸಾರ್."

ಅವನು ಹೇಳಿದ್ದು ಸುಳ್ಳಲ್ಲ. ಡಿಜೈರ್‌ಗೆ ನಿಜವಾಗಿಯೂ ಬರುವುದಿಲ್ಲ. ಅದರ ಹಿಂಚಕ್ರಗಳು ಒಂದೇ ತೊಲೆಗೆ ಕೂತಿರುತ್ತವೆ. ನನ್ನ ಕಾರಿನಲ್ಲಿ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಹೊಂದಾಣಿಕೆಯ ಬೋಲ್ಟ್ ಇದೆ ಎಂದು ಮಂಡಿಯೂರಿ ತೋರಿಸಿದೆ. ಅವನು ಬಗ್ಗಿ ನೋಡಿ, ಯಾರದೋ ಮನೆಯ ಒಡವೆ ಪೆಟ್ಟಿಗೆ ತೆರೆದಂತಾಗಿ ಕೂಡಲೇ ಹಿಂದೆ ಸರಿದ. ಆ ಗಳಿಗೆಗೆ ನಗರದಲ್ಲಿ ಅತ್ಯಂತ ಕರಾರುವಾಕ್ಕಾಗಿ ಹೊಂದಿಸಿದ ಡಿಜೈರ್ ನನ್ನದೇ ಆಗಿತ್ತು. ಅದರಲ್ಲಿ ಕೂತು ಮನೆಗೆ ಬಂದೆ.

ಆಮೇಲೆ ಯಾರೋ ಹೇಳಿದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ತಗಡಿನ ಶೆಡ್ಡು, ಕಾಫಿ ಮೆಷಿನ್ನಿಲ್ಲ, ಬಾಡಿಗೆ ಕೊಡದ ಎರಡು ನಾಯಿ. ಅವರು ಮೊದಲು ಮಾಡಿದ ಕೆಲಸ ಟೈರಿನ ಮೇಲೆ ಅಂಗೈ ಸವರಿದ್ದು. ಒಂದು ದಿಕ್ಕಿಗೆ ಸವರಿದಾಗ ನುಣ್ಣಗೆ, ಉಲ್ಟಾ ಸವರಿದಾಗ ಗರಗರ. "ಟೋ ಹೋಗಿದೆ" ಎಂದರು. ಯಂತ್ರವಿಲ್ಲ, ಕ್ಯಾಮೆರಾ ಇಲ್ಲ. ಆಮೇಲೆ ಕಾರಿನ ಎರಡೂ ಬದಿಗೆ ಸ್ಟ್ಯಾಂಡ್ ನಿಲ್ಲಿಸಿ, ಗಾರೆ ಕೆಲಸದವರು ಕಟ್ಟುವ ಹಾಗೆ ಬಿಗಿಯಾಗಿ ದಾರ ಕಟ್ಟಿದರು. ದಾರದಿಂದ ಚಕ್ರದ ರಿಮ್ಮಿನ ಮುಂದಂಚಿಗೆ ಎಷ್ಟು, ಹಿಂದಂಚಿಗೆ ಎಷ್ಟು ಎಂದು ಸ್ಕೇಲಿನಲ್ಲಿ ಅಳೆದರು. ರೇಸ್ ತಂಡಗಳು ಇವತ್ತಿಗೂ ಟ್ರ್ಯಾಕಿನ ಪಕ್ಕದಲ್ಲಿ ಹೀಗೆ ದಾರ ಕಟ್ಟುತ್ತವೆ. ನನ್ನ 18 ಇಂಚಿನ ಚಕ್ರದಲ್ಲಿ 0.3 ಡಿಗ್ರಿ ಎಂದರೆ ಸ್ಕೇಲಿನ ಮೇಲೆ ಎರಡೂವರೆ ಮಿಲಿಮೀಟರ್. ರಾಮನಗರಕ್ಕೆ ಹೋಗುವ ದಾರಿಯ ಅಗಲ ಅಷ್ಟೇ.

ಬೋಲ್ಟ್ ಸಡಿಲಿಸುವ ಮುಂಚೆ ಅವರು ಕೇಳಿದರು: "ಗಾಡಿ ಜಾಸ್ತಿ ಯಾರು ಓಡಿಸ್ತೀರಿ? ತೂಕ ಎಷ್ಟು?"

ಪ್ರಶ್ನೆ ನ್ಯಾಯವಾದದ್ದೇ. ಚಾಲಕ ಕೂತಾಗ ಸ್ಪ್ರಿಂಗು ಕುಸಿಯುತ್ತದೆ, ಸ್ಪ್ರಿಂಗು ಕುಸಿದರೆ ಕ್ಯಾಂಬರೂ ಟೋವೂ ಜರುಗುತ್ತವೆ. ಅದಕ್ಕೆ ಚಾಲಕನಷ್ಟೇ ಭಾರವನ್ನು ಸೀಟಿನ ಮೇಲೆ ಇಟ್ಟು ಅಳೆಯಬೇಕು. ನಾನು 75 ಎಂದೆ. ಹುಡುಗ ಪಕ್ಕದ ದಿನಸಿ ಅಂಗಡಿಯಿಂದ 25 ಕೆಜಿಯ ಮೂರು ಮೂಟೆ ಸೋನಾ ಮಸೂರಿಯನ್ನು ಎರವಲು ತಂದು ಚರ್ಮದ ಸೀಟಿನ ಮೇಲೆ ಕೂರಿಸಿದ. ಮೂಟೆಗಳು ನನಗಿಂತ ಗಂಭೀರವಾಗಿ ಕೂತಿದ್ದವು. ಚಂದ ಕಂಡು ಫೋಟೊ ತೆಗೆದು ಹೆಂಡತಿಗೆ ಕಳಿಸಿ, ಯಾಕೆಂದು ವಿವರಿಸಿದೆ. ತಕ್ಷಣ ಉತ್ತರ ಬಂತು: "ಇನ್ನೊಂದು ಹತ್ತು ಕೆಜಿ ಹಾಕಿಸಿ. ದುಡ್ಡು ಕೊಟ್ಟು ಮಾಡಿಸೋದನ್ನ ಸರಿಯಾಗಿ ಮಾಡಿಸಿ." ಹುಡುಗ ಮತ್ತೆ ಹೋಗಿ ಹತ್ತು ಕೆಜಿ ರಾಗಿ ಹಿಟ್ಟು ತಂದ.

ಕ್ಯಾಂಬರನ್ನು ಕಂಪನಿ ಒಪ್ಪುವ ಮಿತಿಯೊಳಗೆ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಿ, ಟೋವನ್ನು ಮತ್ತೆ ಕೂದಲೆಳೆಗೆ ತಂದರು. ನಂದಿಬೆಟ್ಟದಲ್ಲಿ ಸ್ವಲ್ಪ ಹಿಡಿತ ಕಡಿಮೆಯಾಗಬಹುದು ಎಂದು ಎಚ್ಚರಿಸಿದರು. ಮುಂದಿರುವ ಟೆಂಪೊ ಟ್ರಾವೆಲರ್‌ಗೆ ತೊಂದರೆಯಾಗದಷ್ಟು ಹಿಡಿತ ಸಾಕು ಎಂದೆ.

ಹೊಸ ಟೈರು ಕೊಳ್ಳುವಾಗ ಅದರ ಪಕ್ಕೆಯ ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಇತ್ತು. ಇದು ಅಮೆರಿಕದ ಪದ್ಧತಿ. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಹತ್ತಿರದ 400 ಮೈಲಿ ಸುತ್ತಿನಲ್ಲಿ ಕಾರುಗಳನ್ನು ಸಾಲಾಗಿ ಒಟ್ಟು 7,200 ಮೈಲಿ ಓಡಿಸಿ, 100 ಎಂಬ ಅಂಕಿಯ ಮಾದರಿ ಟೈರಿಗಿಂತ ಎಷ್ಟು ನಿಧಾನ ಸವೆಯಿತು ಎಂದು ಅಳೆಯುತ್ತಾರೆ. ಮನೆಮಂದಿಯ ಕಾರಿನ ಟೈರಿಗೆ 400, 500 ಬರುತ್ತದೆ. ಸ್ಪೋರ್ಟ್ಸ್ ಟೈರಿಗೆ 200, 300. ಹಿಡಿತ ಬೇಕಾದರೆ ಮೆತ್ತನೆಯ ರಬ್ಬರು, ಮೆತ್ತನೆಯ ರಬ್ಬರಿಗೆ ಅಲ್ಪಾಯುಷ್ಯ. ಅದೇ ಪರೀಕ್ಷೆಯನ್ನು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಡೆಸಿದ್ದರೆ 7,200 ಮೈಲಿ ಮುಗಿಯುವ ಮುಂಚೆ ಟೈರಲ್ಲ, ಚಾಲಕರು ನಿವೃತ್ತರಾಗುತ್ತಿದ್ದರು.

ಈಗ ಒಳಬದಿ, ಹೊರಬದಿ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತಿವೆ. ಸವೆಯುವುದೇನೂ ನಿಂತಿಲ್ಲ, ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅಷ್ಟನ್ನು ಆಶಿಸಲೂಬಾರದು. ಆದರೆ ರಬ್ಬರು ಹೋಗುವುದಾದರೆ ಪೂರ್ತಿ ಅಗಲಕ್ಕೆ ಹೋಗಲಿ, ಕೊಟ್ಟ ದುಡ್ಡೆಲ್ಲ ರಸ್ತೆಗೆ ಮುಟ್ಟಲಿ ಎನ್ನುವುದಷ್ಟೇ ನನ್ನ ವಾದ.

ನಿಮ್ಮದು ಯಾವ ಕಾರೇ ಇರಲಿ, ಮುಂದಿನ ಸಲ ಗಾಳಿ ತುಂಬಿಸಲು ನಿಂತಾಗ ಟೈರಿನ ಒಳ ಅಂಚನ್ನೂ ಒಮ್ಮೆ ಬಗ್ಗಿ ನೋಡಿ. ಪ್ಯಾಂಟು ಕೊಳೆಯಾಗುತ್ತದೆ, ಆಗಲಿ. ಅಲೈನ್‌ಮೆಂಟ್ ಮಾಡಿಸಿದರೆ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಹಸಿರು ಬಣ್ಣ ಕಂಡು ದುಡ್ಡು ಕೊಡಬೇಡಿ. ಮೊದಲ ಸಾಲಿನಲ್ಲಿ ನಿಮ್ಮ ಕಾರಿನ ಹೆಸರೇ ಇದೆಯೇ ಎಂದು ಓದಿಕೊಂಡು ಆಮೇಲೆ ಕೊಡಿ.